ಒಂಬತ್ತರಿಂದ ಭಾಗಿಸಿದರೆ ಎಂಟು

"ಯಾಕೆ ಬಂದ್ರಿ?"

ಮಾರೇನಹಳ್ಳಿಯ ಟ್ಯೂಷನ್ ಕೋಣೆಯ ಬಾಗಿಲಲ್ಲೇ ಕೀರ್ತನಾ ಕಲ್ಲಾದಳು. ಎರಡು ವರ್ಷ 'ಕಣೇ' ಎಂದು ಕರೆದ ಉದಯ್‌ನ ಬಾಯಲ್ಲಿ ಇವತ್ತು ಬಹುವಚನ!

ತಪ್ಪು ಅವಳದೇ. ಇಪ್ಪತ್ತು ದಿನದ ಹಿಂದೆ "ನನ್ನ ಮರೆತುಬಿಡು" ಎಂದು ಮೆಸೇಜ್ ಹಾಕಿ, ಕಾರಣ ಹೇಳದೆ ಸುಮ್ಮನಾಗಿದ್ದಳು.

"ಒಂದು ಲೆಕ್ಕ ಕೇಳ್ಬೇಕಿತ್ತು..."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಂತೆ. ಅವಳ ಹುಲ್ಲುಕಡ್ಡಿ ಇದೇ ಗಣಿತದ ಮೇಷ್ಟ್ರು ಉದಯಕುಮಾರ್. ಚೀಟಿ ಚಾಚಿದಳು.

1409199623051993.

"ಈ ಅಂಕಿಗಳನ್ನ ಹೇಗೆ ಜೋಡಿಸಿದ್ರೆ, ಕೂಡಿದಾಗ ಕೊನೆಗೆ ಎಂಟು ಬರಲ್ಲ?"

ಅವನು ಅವಳ ಮುಖ ನೋಡಲಿಲ್ಲ. "ಆಗಲ್ಲ. ಮೊತ್ತ ಎಪ್ಪತ್ತೊಂದು. ಏಳು, ಒಂದು, ಎಂಟು. ಹಿಂದೆ ಮುಂದೆ ಮಾಡಿದ್ರೆ ಸಂಖ್ಯೆ ಬದಲಾಗುತ್ತೆ, ಮೊತ್ತ ಬದಲಾಗಲ್ಲ. ಒಂಬತ್ತರಿಂದ ಭಾಗಿಸಿದ್ರೆ ಯಾವಾಗ್ಲೂ ಎಂಟೇ ಉಳಿಯುತ್ತೆ."

"ಇಸವಿ ಮೊದಲು ಹಾಕಿದ್ರೆ? ಪ್ಲೀಸ್... ಇನ್ನೊಂದ್ಸಲ ನೋಡಿ!"

"ಕೋಟಿ ಸಲ ನೋಡಿದ್ರೂ ಅಷ್ಟೇ."

ಕೀರ್ತನಾ ಬೆಂಚಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಒಂದು ಸಂಖ್ಯೆಗೆ ಯಾರಾದರೂ ಹೀಗೆ ಅಳುತ್ತಾರೆಯೇ? ಉದಯ್ ಚೀಟಿಯನ್ನು ಮತ್ತೆ ನೋಡಿದ. ಇಪ್ಪತ್ಮೂರು, ಸೊನ್ನೆ ಐದು, ತೊಂಬತ್ಮೂರು...

"ಇದು ನನ್ನ ಹುಟ್ಟಿದ ದಿನ! ಮುಂದಿರೋದು ನಿಂದು... ಏನೇ ಇದು?"

"ಸುಂಕದಕಟ್ಟೆಯ ಸಂಖ್ಯಾಶಾಸ್ತ್ರದವ್ರು ಇಬ್ರದ್ದೂ ಸೇರಿಸಿ ಕೂಡಿದ್ರು. ಎಂಟು ಬಂತು, ಶನಿ ಸಂಖ್ಯೆ, ಗಂಡನಿಗೆ ಗಂಡಾಂತರ ಅಂದ್ರು. ಅಮ್ಮ ಹೆದರಿದ್ಳು. ನಾನೂ ಹೆದರಿದೆ ಕಣೋ... ನಿಂಗೇನಾದ್ರೂ ಆದ್ರೆ? ನಾಳೆ ಬೇರೆ ಹುಡುಗನ ಮನೆಯವ್ರು ತಾಂಬೂಲ ತರ್ತಾರೆ!"

"ಅದಕ್ಕೆ ನನ್ನ ಬಿಟ್ಯಾ? ನಾನು ಬೇಡ ಅಂತಲ್ವಾ?"

"ಬೇಡ ಅನ್ನೋಳು ಇಪ್ಪತ್ತು ದಿನ ಈ ಅಂಕಿ ಜೋಡಿಸ್ತಾ ಕೂರ್ತಾಳಾ?"

ಉದಯ್ ಅವಳ ಎದುರು ಮಂಡಿಯೂರಿ ಕುಳಿತ. "ಎಂಟನ್ನ ಬದಲಾಯಿಸೋಕೆ ನನ್ನ ಕೈಲಿ ಆಗಲ್ಲ ಕೀರ್ತನಾ. ಭಯ ಬಿಡೋದು ನಿನ್ನ ಕೈಲಿದೆ."

ಕೀರ್ತನಾ ಕಣ್ಣೊರೆಸಿಕೊಂಡು, ತಾಯಿ ಕಲಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅಮ್ಮಾ, ಎಂಟೇ ಬರುತ್ತೆ. ಏನ್ ಮಾಡಿದ್ರೂ ಎಂಟೇ. ಆದ್ರೆ ನಿಂದು, ಅಪ್ಪಂದು ಸೇರಿಸಿ ಕೂಡಿದೆ. ಒಂದು ಬಂತು. ಆ ಸಂಖ್ಯಾಶಾಸ್ತ್ರದವ್ರ ಪ್ರಕಾರ ಅದಕ್ಕಿಂತ ಒಳ್ಳೇದಿಲ್ಲ. ಅಪ್ಪ ಉಳಿದ್ರಾ ಅಮ್ಮಾ? ನಂಗೆ ಹತ್ತು ವರ್ಷಕ್ಕೇ ಹೋಗ್ಬಿಟ್ರಲ್ಲ..."

ಆ ಕಡೆಯಿಂದ ಅಮ್ಮನ ಒಡೆದ ದನಿ ಬಂತು.

"ಎಂಟು ಬಂದಿದ್ರೂ ನಿಮ್ಮಪ್ಪನ್ನೇ ಮಾಡ್ಕೋತಿದ್ದೆ ಕಣೇ... ಬೇಗ ಹೋಗ್ತಾರೆ ಅಂತ ಮೊದಲೇ ಹೇಳಿದ್ರೂ, ಅಷ್ಟೇ ದಿನ ಸಾಕು ಅಂತಿದ್ದೆ."

ಇಬ್ಬರೂ ಅತ್ತರು. ನಂತರ ಕಲಾ ಮೂಗೊರೆಸಿಕೊಂಡು ಹೇಳಿದಳು, "ನಾಳೆ ಬರೋರಿಗೆ ಬೇಡ ಅಂತ ಹೇಳ್ತೀನಿ. ಆ ಹುಡುಗನ್ನ ಮನೆಗೆ ಕರ್ಕೊಂಡ್ ಬಾ."

ಫೋನ್ ಇಟ್ಟ ಮೇಲೆ ಉದಯ್ ಗಡಿಬಿಡಿಯಲ್ಲಿ ಎದ್ದ. "ನಿಮ್ಮಮ್ಮನ ಹತ್ರ ಏನಂತ ಕೇಳ್ಲಿ?"

"ಲೆಕ್ಕ ಮಾತ್ರ ಹೇಳ್ಬೇಡ. ನಾನು ಬೇಕು ಅಂತ ಕೇಳು."

"ನೀನು ಬೇಕು ಕೀರ್ತನಾ."

"ನನ್ನ ಹತ್ರ ಅಲ್ಲ ಕಣೋ, ಅಮ್ಮನ ಹತ್ರ..."

"ಗೊತ್ತು. ನಿಂಗೆ ಹೇಳದೇ ಇಪ್ಪತ್ತು ದಿನ ಆಗಿತ್ತು."