ಸಿಹಿನೀರ ಬಾವಿ

ಹುಣಸೆಬೀಜ ಇಡುವ ಆಟವೇ ಬ್ಯಾಟರಾಯಪ್ಪನ ಹೊಟ್ಟೆಗೆ ಬೆಂಕಿ ಇಟ್ಟದ್ದು.

ಅಮೃತಹಳ್ಳಿಯ ಆ ಬೀದಿಯಲ್ಲಿ ಅವನನ್ನು ಕೇಳದೆ ಯಾರೂ ಒಂದು ಲೈಟು ಕಂಬವನ್ನೂ ನೆಡುತ್ತಿರಲಿಲ್ಲ. ಅವನು ಹುಟ್ಟಿದ್ದು ಅಲ್ಲೇ, ಹಳ್ಳಿ ಬೆಂಗಳೂರಾದದ್ದನ್ನು ಕಣ್ಣಾರೆ ಕಂಡದ್ದು ಅಲ್ಲೇ, ಈಗ ನಿವಾಸಿಗಳ ಸಂಘದ ಅಧ್ಯಕ್ಷನಾಗಿ ಮೆರೆಯುತ್ತಿದ್ದದ್ದೂ ಅಲ್ಲೇ. 'ನಮ್ಮ ಬೀದಿ ಹೆಂಗಿರ್ಬೇಕು ಅಂತ ನಾವೇ ಪ್ಲಾನ್ ಮಾಡಾಣ' ಎಂದು ಮೊದಲು ಬಾಯಿ ಬಿಟ್ಟವನೇ ಅವನು. ನಗರಯೋಜನೆ ಓದಿದ ತೇಜಸ್ವಿನಿ ಎಂಬ ಹುಡುಗಿಯನ್ನು ಕರೆತಂದು, ಶಾಮಿಯಾನ ಹಾಕಿಸಿ, ಎಲ್ಲರಿಗೂ ಕಾಫಿ ಕೊಡಿಸಿದವನೂ ಅವನೇ. ಅವನ ಎಣಿಕೆ ಸರಳವಾಗಿತ್ತು. ಬೀದಿಯ ಕೊನೆಯಲ್ಲಿ ಪಾಳುಬಿದ್ದ ಬಾವಿ. ಬಾವಿಯ ಹಿಂದೆ ಅವನ ಜಾಗ. ಆ ಜಾಗದಲ್ಲಿ ಅವನು ಕಟ್ಟಿಸುತ್ತಿರುವ ಪಾರ್ಟಿ ಹಾಲ್. ಬಾವಿ ಮುಚ್ಚಿ ರಸ್ತೆ ಮಾಡಿದರೆ ಹಾಲಿಗೆ ಕಾರು ಬರುತ್ತದೆ, ಮಾಡದಿದ್ದರೆ ನಾಯಿಯೂ ಬರುವುದಿಲ್ಲ. ರಸ್ತೆ ಬೇಕೆಂದು ತಾನು ಕೇಳಿದರೆ ಸ್ವಾರ್ಥ, ಜನ ಕೇಳಿದರೆ ಅಭಿವೃದ್ಧಿ. ಅಷ್ಟು ತಿಳಿಯದ ದಡ್ಡನೇ ಅವನು?

ತೇಜಸ್ವಿನಿ ಬೀದಿಯ ನಕ್ಷೆಯನ್ನು ಜಮಖಾನದಷ್ಟು ದೊಡ್ಡ ಬಟ್ಟೆಯ ಮೇಲೆ ಬರೆದು ನೆಲಕ್ಕೆ ಹಾಸಿದಳು. ಎಲ್ಲರ ಕೈಗೂ ಒಂದೊಂದು ಹಿಡಿ ಹುಣಸೆಬೀಜ ಕೊಟ್ಟು, "ಯಾವ ಜಾಗ ಚೆನ್ನಾಗ್ ಆಗ್ಬೇಕು ಅನ್ಸುತ್ತೋ ಅಲ್ಲಿಡಿ" ಎಂದಳು. ಬಾವಿಯ ಎದುರು ಮನೆಯ ನೂರ್‌ಜಹಾನ್ ಮೊಣಕಾಲು ಹಿಡಿದುಕೊಂಡು ಬಗ್ಗಿ, ಹಿಡಿಯಲ್ಲಿದ್ದ ಬೀಜವನ್ನೆಲ್ಲ ಬಾವಿಯ ಮೇಲೆ ಸುರಿದಳು. ಆಮೇಲೆ ಕೇಳಬೇಕೆ! ಹೆಂಗಸರು, ಮಕ್ಕಳು, ಮುದುಕರು, ಎಲ್ಲರ ಬೀಜವೂ ಅಲ್ಲಿಗೇ. ಬಾವಿಯ ಹೂಳು ತೆಗೆಯಬೇಕಂತೆ, ಸುತ್ತ ಕೂರಲು ಕಟ್ಟೆ ಬೇಕಂತೆ, ಆ ಕಡೆ ಗಾಡಿಯೇ ಬರಬಾರದಂತೆ. ರಸ್ತೆಯ ಮೇಲೆ ಬಿದ್ದದ್ದು ಬ್ಯಾಟರಾಯಪ್ಪನ ಬೀಜ, ಜೊತೆಗೆ ಹಾರ್ಡ್‌ವೇರ್ ಅಂಗಡಿಯವನು ಮುಲಾಜಿಗೆ ಇಟ್ಟ ಬೀಜ. ಅವನ ಸ್ವಂತ ಹೆಂಡತಿ ವರಲಕ್ಷ್ಮಮ್ಮ ಕೂಡ ಬಾವಿಗೇ ಇಟ್ಟಿದ್ದಳು.

ಬ್ಯಾಟರಾಯಪ್ಪ ಒಳಗೊಳಗೇ ಕುದಿದ. ಆದರೆ ಮುಖದಲ್ಲಿ ನಗು ಇಟ್ಟುಕೊಂಡೇ ಎದ್ದು ನಿಂತ. "ಈ ಬಾವಿ ಅಂದ್ರೆ ನಮ್ಮ ಬೀದಿಗೆ ತಾಯಿ ಇದ್ದಂಗೆ ಕಣ್ರೀ. ನಮ್ಮವ್ವ ನನ್ನ ಹೆತ್ತು, ಬಾಣಂತನ ಮುಗ್ಸಿ, ಗಂಗಮ್ಮನ ಪೂಜೆ ಮಾಡಿ ಮೊದಲ ಬಿಂದಿಗೆ ಸೇದಿದ್ದು ಇಲ್ಲೇ. ನನ್ನ ತುಟಿಗೆ ಬಿದ್ದ ಮೊದಲ ನೀರು ಈ ಬಾವೀದು!" ಎಂದ. ಜನ ಚಪ್ಪಾಳೆ ತಟ್ಟಿದರು. ವರಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರ ಮಗಳು ಶಿಲ್ಪ ಆಗ ತುಂಬಿದ ಬಸುರಿ.

ಬಾವಿಯನ್ನು ಕೊಲ್ಲಬೇಕು, ಬಾವಿಗಾಗಿ ಎಲ್ಲರಿಗಿಂತ ಹೆಚ್ಚು ಅಳುವವನೂ ತಾನೇ ಆಗಿರಬೇಕು. ಆ ಚಪ್ಪಾಳೆ ನಿಲ್ಲುವ ಮೊದಲೇ ಅವನು ಅಷ್ಟನ್ನು ನಿರ್ಧರಿಸಿಬಿಟ್ಟಿದ್ದ.

ಆತುರ ಪಡಲಿಲ್ಲ. ಹೂಳು ತೆಗೆಯುವ ದಿನ ತಲೆಗೆ ಟವೆಲ್ ಸುತ್ತಿಕೊಂಡು ಮುಂದೆ ನಿಂತ. ಬೀದಿಯ ಮನೆಗಳ ತಾರಸಿ ನೀರನ್ನೆಲ್ಲ ಒಂದು ಪೈಪಿಗೆ ಸೇರಿಸಿ ಬಾವಿಗೆ ಬಿಡೋಣವೆಂದು ತೇಜಸ್ವಿನಿ ಹೇಳಿದಾಗ, ಮೊದಲು ತನ್ನ ಮನೆಯ ಪೈಪನ್ನೇ ಜೋಡಿಸಿಕೊಟ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಬಾವಿಯಲ್ಲಿ ನೀರು ನಿಂತಿತು. ಸೊಳ್ಳೆಯಾಗದಿರಲೆಂದು ಯಾರೋ ಮೀನು ತಂದು ಬಿಟ್ಟರು. ನೂರ್‌ಜಹಾನ್ ದಿನವೂ ಅವಕ್ಕೆ ಕಡ್ಲೆಪುರಿ ಹಾಕಿ ಮಾತಾಡಿಸುತ್ತಿದ್ದಳು. ಶಿಲ್ಪಳಿಗೆ ಗಂಡುಮಗು ಆಯಿತು. ಬಾಣಂತನಕ್ಕೆ ತವರಲ್ಲೇ ಇದ್ದ ಅವಳ ಮಗುವನ್ನು ಬ್ಯಾಟರಾಯಪ್ಪ ಎದೆಯ ಮೇಲೆ ಮಲಗಿಸಿಕೊಂಡು ತಾನೂ ನಿದ್ದೆ ಹೋಗುತ್ತಿದ್ದ. ಆ ಮಗು ಅವನ ಜೀವವಾಗಿತ್ತು.

ನೀರು ಪರೀಕ್ಷೆಯಾಗುವ ತನಕ ಯಾರೂ ಒಂದು ತಂಬಿಗೆಯನ್ನೂ ಸೇದಬಾರದೆಂದು ಸಂಘದಲ್ಲಿ ಹಟ ಹಿಡಿದವನು ಅವನೇ. "ಮಕ್ಕಳು ಮರಿ ಓಡಾಡೋ ಜಾಗ" ಎಂದು ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ, ಅದಕ್ಕೊಂದು ದಪ್ಪ ಬೀಗ ಜಡಿಸಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಸ್ನಾನ ಮಾಡುವಾಗಲೂ ಅದು ಅವನ ಸೊಂಟದಲ್ಲೇ ಇರುತ್ತಿತ್ತು. ಇದರಲ್ಲಿ ಅವನ ಜಾಣತನವೂ ಇತ್ತು, ಅವನ ಮನಸ್ಸಾಕ್ಷಿಯೂ ಇತ್ತು. ಬೀಗ ಹಾಕಿದ ಬಾವಿಗೆ ಯಾರು ತಾನೇ ಏನು ಹಾಕಿಯಾರು? ಬೀಗ ಹಾಕಿದ ಬಾವಿಯ ನೀರನ್ನು ಯಾರು ತಾನೇ ಕುಡಿದಾರು? ಅವನೇನು ಕೊಲೆಗಾರನಲ್ಲ. ಸಾಯಬೇಕಾದದ್ದು ಮೀನು, ಮೀನಿನ ಜೊತೆಗೆ ಬಾವಿಯ ಹೆಸರು. ಸುತ್ತಲಿನ ಬೋರ್‌ವೆಲ್‌ಗಳು ಎಂದೋ ಬತ್ತಿದ್ದವು. ಮನುಷ್ಯರ ಕೂದಲೂ ಕೊಂಕುವುದಿಲ್ಲ.

ಹೆಸರಘಟ್ಟದ ಕಡೆ ಗುಲಾಬಿ ಬೆಳೆಯುವ ಪರಿಚಯದವನೊಬ್ಬನ ಶೆಡ್ಡಿನಿಂದ ಹುಳಕ್ಕೆ ಹೊಡೆಯುವ ಔಷಧಿಯ ಡಬ್ಬಿಯೊಂದನ್ನು, ಮಾತಾಡುತ್ತಾ ಮಾತಾಡುತ್ತಾ, ಚೀಲಕ್ಕೆ ಇಳಿಸಿಕೊಂಡು ಬಂದ. ಅದನ್ನು ತನ್ನ ತಾರಸಿಯ ಪೈಪಿಗೆ ಸುರಿಯುವುದು. ನೀರು ಬಿಟ್ಟು ತೊಳೆಯುವುದು. ಮೀನು ಸತ್ತು ತೇಲಿದ ಮೇಲೆ ಪರೀಕ್ಷೆ ಮಾಡಿದರೆ ಮಾಡಲಿ, ಬೀದಿಯ ಯಾವ ತಾರಸಿಯಲ್ಲಿ ಹೂವಿನ ಕುಂಡವಿಲ್ಲ? ಯಾರ ಮನೆಯಲ್ಲಿ ಹುಳದೌಷಧಿ ಇಲ್ಲ? ಎಲ್ಲರೂ ಎಲ್ಲರನ್ನೂ ಬೈದುಕೊಂಡು, ಕೊನೆಗೆ 'ಈ ಬಾವಿ ಸಹವಾಸವೇ ಬೇಡ' ಎನ್ನುತ್ತಾರೆ. ಆಗ ಮತ್ತೆ ಬೀಜ ಇಡಿಸಿದರೆ ಅವು ಎಲ್ಲಿ ಬೀಳುತ್ತವೆ ಎಂದು ಅವನಿಗೆ ಗೊತ್ತಿತ್ತು. ಬೀದಿಯ ಯೋಜನೆಯನ್ನು ಅಂತಿಮಗೊಳಿಸಲು ಭಾನುವಾರ ಬೆಳಿಗ್ಗೆ ಸಭೆ ಕರೆದಿದ್ದರು. ಶನಿವಾರ ಮಧ್ಯಾಹ್ನ ಅವನು ತಾರಸಿ ಹತ್ತಿದ.

ಊಟ ಮಾಡಿ ಬೀದಿಯೆಲ್ಲ ಮಲಗಿತ್ತು. ಡಬ್ಬಿಯ ಮುಚ್ಚಳ ತೆಗೆಯುವಾಗ ಎರಡು ಹನಿ ಚಪ್ಪಲಿಯ ಮೇಲೆ ಬಿದ್ದವು. ಚಿಕ್ಕವನಿದ್ದಾಗ ಅವ್ವ ಹೇಳುತ್ತಿದ್ದ ಮಾತು ಎಲ್ಲಿಂದಲೋ ನೆನಪಾಯಿತು: 'ಬಾವೀಗೆ ಉಗುಳ್ಬೇಡ ಕಣೋ, ಗಂಗಮ್ಮ ನಾಲಗೆ ಕಿತ್ಕೋತಾಳೆ.' ಅಯ್ಯೋ, ಈ ವಯಸ್ಸಿನಲ್ಲಿ ಇದೇನು ಎಂದು ತನ್ನನ್ನೇ ಗದರಿಸಿಕೊಂಡು ಸುರಿದ. ಪೈಪು ಗಳಗಳ ಎಂದು ನುಂಗಿತು. ಟ್ಯಾಂಕಿನ ನಲ್ಲಿ ಬಿಟ್ಟು ತಾರಸಿ ತೊಳೆಯುತ್ತಿರುವಾಗ ಪಕ್ಕದ ಮನೆಯ ಕಿಟಕಿ ಕಿರ್ರೆಂದಿತು. ಅವನು ತಟ್ಟನೆ ಟ್ಯಾಂಕಿನ ಮರೆಗೆ ಸರಿದ. ನೋಡಿದರೆ ಗಾಳಿ. ಗೋಡೆ ಹಿಡಿದುಕೊಂಡೇ ಮೆಟ್ಟಿಲಿಳಿದ. ಖಾಲಿ ಡಬ್ಬಿಯನ್ನು ಪಾರ್ಟಿ ಹಾಲಿನ ಹೊಸ ಕಂಬದ ಹಸಿ ಕಾಂಕ್ರೀಟಿನಲ್ಲಿ ಅದುಮಿ ಬಂದ. ಕೈಯನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದ. ಸಂಜೆ ಶಿಲ್ಪ ಮಗುವನ್ನು ತೊಡೆಯ ಮೇಲಿಡಲು ಬಂದಾಗ, "ಬ್ಯಾಡಮ್ಮ, ನೆಗಡಿ ಆಗೈತೆ" ಎಂದು ದೂರ ಸರಿದ.

ಅವನು ಕಾಯುತ್ತಿದ್ದದ್ದು ನೂರ್‌ಜಹಾನ್‌ಳ ಚೀತ್ಕಾರಕ್ಕೆ. ಅದು ಬರಲೇ ಇಲ್ಲ. ಅವಳು ಬಾಗಲೂರಿನ ತಂಗಿಯ ಮನೆಗೆ ಹೋಗಿದ್ದಾಳೆಂದು ಬೆಳಿಗ್ಗೆ ತಿಳಿಯಿತು. ಬಾವಿಯ ಹತ್ತಿರ ತಾನೇ ಹೋಗಿ ಬಗ್ಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಕಂಡವನೇ ಕಳ್ಳ ಎಂದುಬಿಟ್ಟರೆ? ಶಾಮಿಯಾನದ ಕೆಳಗೆ ಕುರ್ಚಿಗಳು ತುಂಬಿದವು. ತೇಜಸ್ವಿನಿ ನಕ್ಷೆ ಹಾಸಿದಳು. ಬಾವಿಯಿದ್ದಲ್ಲಿ ಅವಳು ನೀಲಿ ಬಣ್ಣ ತುಂಬಿದ್ದಳು. ಬ್ಯಾಟರಾಯಪ್ಪನಿಗೆ ಆ ನೀಲಿಯನ್ನು ನೋಡಲಾಗಲಿಲ್ಲ. ಯಾರೋ ಕೊಟ್ಟ ನೀರನ್ನು ಕುಡಿಯದೆ ಕುರ್ಚಿಯ ಕೆಳಗಿಟ್ಟ. ಬಾಗಲೂರಿನಿಂದ ಬಂದ ಆಟೋದಿಂದ ಕಡ್ಲೆಪುರಿ ಪೊಟ್ಟಣ ಹಿಡಿದ ನೂರ್‌ಜಹಾನ್ ಇಳಿದಳು.

"ಯಾಕಣ್ಣಾ ಇಷ್ಟು ಬೆವರ್ತಿದೀರಿ?" ಎಂದಳು. "ಶುಗರ್ ಗಿಗರ್ ನೋಡ್ಸ್ಕೊಳ್ಳಿ."

"ಸೆಕೆ ಕಣಮ್ಮ" ಎಂದ. ಅವಳು ಬಾವಿಯ ಕಡೆ ಹೋಗುತ್ತಾಳೆಂದುಕೊಂಡರೆ, ಸಭೆ ಮುಗಿದ ಮೇಲೆ ಮೀನಿಗೆ ಹಾಕಿದರಾಯಿತೆಂದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

ಅಷ್ಟರಲ್ಲಿ ಬೀದಿಯ ಕೊನೆಯಿಂದ, ಬಾವಿಯ ಕಡೆಯಿಂದ, ವರಲಕ್ಷ್ಮಮ್ಮ ನಡೆದು ಬಂದಳು. ಹಿಂದೆ ರೇಷ್ಮೆ ಸೀರೆಯುಟ್ಟ ಶಿಲ್ಪ. ಅವಳ ಸೊಂಟದಲ್ಲಿ ಅರಿಸಿನ ಬಳಿದ ಹಿತ್ತಾಳೆ ಬಿಂದಿಗೆ, ತುಂಬಿ ತುಳುಕುತ್ತಿತ್ತು. ಮಗು ಅಜ್ಜಿಯ ಹೆಗಲ ಮೇಲಿತ್ತು. ಸಭೆ ತಿರುಗಿ ನೋಡಿತು. ಹೆಂಗಸರು 'ಆಹಾ' ಎಂದರು.

"ನಿಮಗೆ ಹೇಳ್ದೇನೇ ಮಾಡಾಣ ಅಂತಿದ್ವಿ" ಎಂದು ವರಲಕ್ಷ್ಮಮ್ಮ ಗಂಡನಿಗೆ ನಾಚುತ್ತಲೇ ಹೇಳಿದಳು. "ಅವತ್ತು ಸಬೇಲಿ ನೀವೇ ಹೇಳಿದ್ರಲ್ಲ, ಅತ್ತೆಮ್ಮ ಇಲ್ಲೇ ಗಂಗಮ್ಮನ ಪೂಜೆ ಮಾಡಿದ್ರು ಅಂತ. ನಮ್ಮ ಕೂಸಿಗೂ ಆ ಭಾಗ್ಯ ಬ್ಯಾಡ್ವಾ? ಶಿಲ್ಪನ ಕರ್ಕೊಂಡೋಗಿ ಬಾವೀಗೆ ಪೂಜೆ ಮಾಡುಸ್ಕೊಂಡ್ ಬಂದೆ. ಎಲ್ರೂ ತೀರ್ಥ ತಗೊಳ್ಳಿ."

ಬ್ಯಾಟರಾಯಪ್ಪನ ಕಿವಿಯಲ್ಲಿ ಗುಂಯ್ ಎಂದಿತು. ಶಿಲ್ಪ ಬಿಂದಿಗೆಯನ್ನು ಮೇಜಿನ ಮೇಲಿಟ್ಟು ತುಳಸಿ ಎಲೆ ಅದ್ದಿದಳು.

"ಬ್ಯಾಡ!" ಅವನು ಕುರ್ಚಿ ಕೆಡವಿಕೊಂಡು ಎದ್ದ. "ಮಗೀಗೆ ಆಕ್ಬೇಡ!"

"ಆಗ್ಲೇ ಹಾಕಿದೀನಲ್ಲಪ್ಪಾ" ಎಂದು ಶಿಲ್ಪ ನಕ್ಕಳು. "ಬಾವಿ ಹತ್ರಾನೇ ತುಟಿಗೆ ಎರಡು ಹನಿ ಹಾಕ್ದೆ. ಚಪ್ಪರಿಸ್ತು ನೋಡಿ, ಕಳ್ಳ!"

ಮಗು ಅಜ್ಜಿಯ ಹೆಗಲ ಮೇಲೆ ಕಣ್ಣು ಮುಚ್ಚಿತ್ತು. ಮಲಗಿದೆಯೋ, ಅಥವಾ? ಜಗತ್ತಿನಲ್ಲಿ ಇಷ್ಟು ಹೆದರಿಕೆ ಇರಬಹುದೆಂದು ಅವನಿಗೆ ಈ ತನಕ ಗೊತ್ತಿರಲಿಲ್ಲ. ಬಿಂದಿಗೆಯನ್ನು ಮೇಜಿನಿಂದ ಕೆಳಕ್ಕೆ ನೂಕಿದ. ಅದು ನಕ್ಷೆಯ ಮೇಲೆ ಉರುಳಿ ಬಣ್ಣವೆಲ್ಲ ಹರಿದು ಹೋಯಿತು. ಮಗುವನ್ನು ಕಿತ್ತುಕೊಂಡು ಎದೆಗವಚಿಕೊಂಡ. "ಕಾರ್ ತೆಗೀರೋ! ಆಸ್ಪತ್ರೆಗೆ! ಆ ನೀರಲ್ಲಿ ವಿಷ ಐತೆ!"

"ಏನ್ ವಿಷ? ನಿಮಗ್ ಹೆಂಗ್ ಗೊತ್ತು?" ಎಂದು ಯಾರೋ ಕೂಗಿದರು.

ತೇಜಸ್ವಿನಿ ಅವನ ತೋಳು ಹಿಡಿದಳು. "ಅಂಕಲ್, ಏನು ಅಂತ ಗೊತ್ತಿದ್ರೆ ಈಗ್ಲೇ ಹೇಳಿ. ಡಾಕ್ಟ್ರು ಮೊದ್ಲು ಅದನ್ನೇ ಕೇಳ್ತಾರೆ."

ಒಂದು ಕ್ಷಣ, ಒಂದೇ ಕ್ಷಣ, ಅವನ ಕಣ್ಣು ಬೀದಿಯ ಕೊನೆಯ ಪಾರ್ಟಿ ಹಾಲಿನ ಕಂಬಗಳ ಕಡೆ ಹೋಯಿತು. ಆಮೇಲೆ ಎಲ್ಲವನ್ನೂ ಕಕ್ಕಿದ. ಔಷಧಿಯ ಹೆಸರು, ಹೆಸರಘಟ್ಟದ ಶೆಡ್ಡು, ತನ್ನ ತಾರಸಿಯ ಪೈಪು, ಕಾಂಕ್ರೀಟಿನೊಳಗಿನ ಡಬ್ಬಿ. "ನಾನೇ ಸುರಿದಿದ್ದು, ನಿನ್ನೆ ಮಧ್ಯಾಹ್ನ, ನಾನೇ. ಡಾಕ್ಟ್ರಿಗೆ ಹೇಳ್ರಪ್ಪಾ, ಕೈ ಮುಗೀತೀನಿ, ನನ್ನ ಕೂಸನ್ನ ಉಳಿಸ್ರಪ್ಪಾ!" ಎಷ್ಟೋ ಜನ ಫೋನುಗಳನ್ನು ಅವನ ಕಡೆ ಎತ್ತಿ ಹಿಡಿದಿದ್ದರು. ನೂರ್‌ಜಹಾನ್‌ಳ ಕೈಯಿಂದ ಕಡ್ಲೆಪುರಿ ಚೆಲ್ಲಿತು. ಈ ಗಲಾಟೆಗೆ ಮಗು ಎಚ್ಚೆತ್ತು, ಗಟ್ಟಿಯಾಗಿ, ಆರೋಗ್ಯವಾಗಿ, ಅಳತೊಡಗಿತು.

ವರಲಕ್ಷ್ಮಮ್ಮ ಗಂಡನನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು. ಮಗುವನ್ನು ಅವನ ಕೈಯಿಂದ ಬಿಡಿಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. "ಬಾವಿ ನೀರು ಎಲ್ಲಿಂದ ಬಂತು?" ಎಂದಳು, ದನಿ ಏರಿಸದೆ. "ಕಟ್ಟೆಗೆ ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿದ್ವಿ, ಅಷ್ಟೇ, ಒಳಗೆ ಬಗ್ಗಿ ಕೂಡ ನೋಡ್ಲಿಲ್ಲ. ಬಿಂದಿಗೆ ಮನೆ ನಲ್ಲೀಲೇ ತುಂಬುಸ್ಕೊಂಡೋಗಿದ್ವಿ. ಬಾವೀಗೆ ನೀವು ಬೀಗ ಜಡಿದಿದ್ದೀರಲ್ಲ." ಬ್ಯಾಟರಾಯಪ್ಪನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಬೀಗದ ಕೈ ಉಡಿದಾರದಲ್ಲಿ, ಕಟ್ಟಿದ ಜಾಗದಲ್ಲೇ, ಮೈಶಾಖಕ್ಕೆ ಬೆಚ್ಚಗಾಗಿ ನೇತಾಡುತ್ತಿತ್ತು.