ಎರಡು ಆವರ್ತ ಮೊದಲೇ

"ನಿನ್ನೆ ನಿಮ್ಮ ಮೊದಲ ಕಛೇರಿ ನನ್ನಿಂದ ಹಾಳಾಯ್ತು. ಕ್ಷಮಿಸಿಬಿಡಿ."

ಥಿಯೇಟರಿನ ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ಕೂತಿದ್ದ ವೀಬ್ಕೆ ತಲೆಯೆತ್ತಿದಳು. ಎದುರಿಗೆ ಥೀಲೋ. ವಾದ್ಯವೃಂದದಲ್ಲಿ ಹಾರ್ನ್ ಎಂಬ ಹಿತ್ತಾಳೆ ಕಹಳೆ ಊದುವವನು, ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಇಬ್ಬರೂ ಮಾತಾಡಿದ್ದು ಅದೇ ಮೊದಲು. ಅತ್ತು ಅತ್ತು ಅವನ ಕಣ್ಣು ಕೆಂಪಾಗಿತ್ತು.

ಹಿಂದಿನ ಸಂಜೆ ಹಿರಿಯ ಕಂಡಕ್ಟರ್‌ಗೆ, ಅಂದರೆ ಎದುರು ನಿಂತು ಕೈಸನ್ನೆಯಿಂದ ವಾದ್ಯವೃಂದ ನಡೆಸುವವರಿಗೆ, ಜ್ವರ. ಗಾಯಕರ ಅಭ್ಯಾಸಕ್ಕೆ ಪಿಯಾನೋ ನುಡಿಸಿಕೊಂಡಿದ್ದ ವೀಬ್ಕೆಯನ್ನು ಎರಡು ಗಂಟೆ ಮುಂಚೆ ಕರೆದು, ಇಡೀ ವಾದ್ಯವೃಂದ ನಡೆಸಲು ನಿಲ್ಲಿಸಿದ್ದರು. ನಮ್ಮ ಜರ್ಮನಿಯ ಸಣ್ಣ ಊರುಗಳಲ್ಲಿ ಕಂಡಕ್ಟರ್ ಆಗುವವರ ಅದೃಷ್ಟ ಖುಲಾಯಿಸುವುದೇ ಹೀಗೆ, ಇನ್ನೊಬ್ಬರ ಜ್ವರದಿಂದ. ರಿಹರ್ಸಲ್ ಇಲ್ಲ, ಅವಳ ಕೈಸನ್ನೆಯೊಂದೇ ಎಲ್ಲರಿಗೂ ಗತಿ. ಥೀಲೋ ತಾನೊಬ್ಬನೇ ಊದಬೇಕಿದ್ದ ಸೋಲೋವನ್ನು ಎರಡು ಆವರ್ತ ಮೊದಲೇ ಊದಿಬಿಟ್ಟಿದ್ದ.

ಹಾರ್ನ್‌ನವನು ಎಡವಿದ, ಹೊಸ ಹುಡುಗಿ ಎಲ್ಲರನ್ನೂ ದಡ ಸೇರಿಸಿದಳು ಎಂದು ಬೆಳಗಿನ ಪತ್ರಿಕೆ ಬರೆದಿತ್ತು.

"ನೀವು ಟ್ರಂಪೆಟ್‌ನವರಿಗೆ ಸನ್ನೆ ಮಾಡಿದ್ರಿ. ನಾನು ನನಗೇ ಅಂದ್ಕೊಂಡೆ" ಎಂದ ಥೀಲೋ.

"ಪರವಾಗಿಲ್ಲ" ಎಂದಳು ವೀಬ್ಕೆ.

ಸನ್ನೆ ಅವನಿಗೇ ಆಗಿತ್ತು! ಸ್ವರಲಿಪಿಯ ಪುಟ ತಿರುವುವಾಗ ಅವಳ ಕಣ್ಣು ಜಾರಿತ್ತು. ಪಾಪ, ಅವನು ತನ್ನ ಎಣಿಕೆ ಬಿಟ್ಟು ಅವಳ ಕೈಯನ್ನು ನಂಬಿದ್ದ. ಈಗ ಬಂದು ಕ್ಷಮೆ ಕೇಳುತ್ತಿದ್ದ, ಇವಳು ಮಹಾರಾಣಿಯಂತೆ ಕ್ಷಮಿಸಿದಳು.

ಅಲ್ಲಿಂದ ಸ್ನೇಹ. ಮಧ್ಯಾಹ್ನ ಜಾಲೆ ನದಿಯ ದಂಡೆಯಲ್ಲಿ ನಡಿಗೆ. ಹತ್ತನೇ ದಿನಕ್ಕೆ ಅವನು ಅವಳ ಕೈ ಹಿಡಿದ. ಅತ್ತ ಲೈಪ್‌ಜಿಗ್‌ನಿಂದ ಕಛೇರಿ ಗೊತ್ತುಮಾಡುವ ಏಜೆಂಟ್ ವೀಬ್ಕೆಗೆ ಫೋನ್ ಮಾಡಿದ, ಇನ್ನೆರಡು ಊರುಗಳಿಂದ ಕಛೇರಿ ನಡೆಸಲು ಕರೆ ಬಂತು.

"ಬೇರೆಯವರಾಗಿದ್ರೆ ಎಲ್ಲರೆದುರು ನನ್ನ ಮಾನ ತೆಗೀತಿದ್ರು. ನೀನು ಎಷ್ಟು ಒಳ್ಳೆಯವಳು ಕಣೇ" ಎಂದ ಥೀಲೋ ಒಮ್ಮೆ.

'ಒಳ್ಳೆಯವಳಂತೆ... ಇವನ ಅನ್ನ ಕಸಿದು ಬೆಳೀತಿದ್ದೀನಿ.' ಅವಳಿಗೆ ಅವನ ಮುಖ ನೋಡಲಾಗಲಿಲ್ಲ.

ಮೂರನೇ ವಾರದ ಬುಧವಾರ ಥೀಲೋ ಹೇಳಿದ, "ನಾಳೆ ನನ್ನನ್ನ ಕಾಯಂ ಮಾಡ್ಬೇಕಾ ಬೇಡ್ವಾ ಅಂತ ವಾದ್ಯವೃಂದದವರು ಚೀಟಿಯಲ್ಲಿ ಮತ ಹಾಕ್ತಾರೆ. ಈ ಕೆಲಸ ಬೇಡ ಅಂತ ನಾನೇ ಬರೆದುಕೊಡ್ತೀನಿ."

"ಯಾಕೋ?"

"ಊದೋಕೆ ಕೂತ್ರೆ ತುಟಿ ನಡುಗುತ್ತೆ. ನನ್ನ ಕಣ್ಣನ್ನೇ ನನಗೆ ನಂಬೋಕಾಗ್ತಿಲ್ಲ."

ಗುರುವಾರ ಬೆಳಿಗ್ಗೆ ಅವನು ಪತ್ರ ಜೇಬಿನಲ್ಲಿಟ್ಟುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ವೀಬ್ಕೆ ಅವನನ್ನು ದಾಟಿ ಸೀದಾ ಸಭೆಗೆ ನುಗ್ಗಿದಳು.

"ಕಂಡಕ್ಟರುಗಳಿಗೆ ಇಲ್ಲಿ ಕೆಲಸ ಇಲ್ಲಮ್ಮ" ಎಂದಳು ಗುಂಡುಲಾ, ಚೀಟಿ ಪೆಟ್ಟಿಗೆ ಹಿಡಿದಿದ್ದ ಹಿರಿಯ ವಾದಕಿ.

"ಅವತ್ತು ತಪ್ಪು ಅವನದಲ್ಲ. ನಾನೇ ಎರಡು ಆವರ್ತ ಮೊದಲು ಸನ್ನೆ ಮಾಡಿದೆ. ಅವನಿಗೂ ಗೊತ್ತಿಲ್ಲ."

ಅರವತ್ತು ಜನ ಒಟ್ಟಿಗೆ ಅವಳತ್ತ ತಿರುಗಿದರು.

"ಇದನ್ನ ಹೇಳೋಕೆ ಮೂರು ವಾರ ಬೇಕಾಯ್ತಾ?" ಗುಂಡುಲಾ ಕೇಳಿದಳು. "ಇಂಥವರ ಕೈ ನೋಡಿ ನಾವು ಹೇಗೆ ನುಡಿಸೋದು? ಹೋಗು, ಮೊದಲು ಅವನಿಗೆ ಹೇಳು."

ಮೆಟ್ಟಿಲ ಮೇಲೆ ಕೂತು ವೀಬ್ಕೆ ಎಲ್ಲವನ್ನೂ ಹೇಳಿದಳು.

"ಅಂದ್ರೆ... ನಾನು ನೋಡಿದ್ದು ಸರಿನಾ?"

"ಸರಿ."

ಅವನು ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಆಮೇಲೆ ಸಿಟ್ಟು ಬಂತು. "ದಿನಾ ನನ್ನ ಕೈ ಹಿಡ್ಕೊಂಡು ನಡೆದ್ಯಲ್ಲ, ಒಂದು ದಿನವೂ ಬಾಯಿ ಬರಲಿಲ್ವಾ?"

"ಮೊದಲು, ಬಂದ ಅವಕಾಶ ಹೋಗುತ್ತೆ ಅಂತ ಹೆದರಿದೆ. ಆಮೇಲೆ ನೀನು ಹೋಗ್ತೀಯ ಅಂತ ಹೆದರಿದೆ. ಅವಕಾಶ ಹೋದ್ರೆ ಹೋಗಲಿ ಅನ್ನಿಸ್ತು. ನಿನ್ನ ವಿಷಯದಲ್ಲಿ ಹಾಗನ್ನೋಕೆ ಆಗಲೇ ಇಲ್ಲ ಥೀಲೋ."

ಬಾಗಿಲು ತೆರೆಯಿತು. "ನಾಲ್ಕು ಚೀಟಿ ಬಿಟ್ಟು ಎಲ್ಲ ನಿನ್ನ ಪರ. ಒಳಗೆ ಬಾರೋ" ಎಂದಳು ಗುಂಡುಲಾ. ವೀಬ್ಕೆಯತ್ತ ನೋಡಲಿಲ್ಲ.

ಥೀಲೋ ಪತ್ರವನ್ನು ಹರಿದು ಎದ್ದ. ಬಾಗಿಲವರೆಗೆ ಹೋದವನು ನಿಂತ.

"ಲೈಪ್‌ಜಿಗ್‌ಗೆ ಹೊರಟುಬಿಡ್ತೀಯಾ?"

"ನೀನು ಹೋಗು ಅಂದ್ರೆ..."

"ನಿನ್ನ ಮೇಲೆ ಕೋಪ ಇದೆ. ತುಂಬಾ ಇದೆ. ಅದನ್ನ ತೀರಿಸ್ಕೊಳ್ಳೋಕಾದ್ರೂ ನೀನು ಎದುರಿಗಿರ್ಬೇಕಲ್ಲ."

ಅವಳ ಕಣ್ಣು ತುಂಬಿತು. "ಎಷ್ಟು ದಿನ ಹಿಡಿಯುತ್ತೆ?"

"ನಾನು ಸ್ವಲ್ಪ ನಿಧಾನ ಕಣೇ. ಮುದುಕ ಆಗೋವರೆಗೂ ಹಿಡೀಬಹುದು."