ಬರೆದು ಕೊಡಿ

"ನನ್ನ ಪರ್ಮಿಷನ್ ಕಿತ್ತುಹಾಕಿದ್ರಂತೆ. ಒಂದು ಮಾತು ಹೇಳಬಾರದಿತ್ತಾ?"

ನೀರು ಪರೀಕ್ಷಿಸುವ ಕೆಮಿಸ್ಟ್ ಬಾಗಿಲಲ್ಲೇ ನಿಂತಿದ್ದ. ಬಿಳಿ ಕೋಟಿನ ಗುಂಡಿಗಳು ಮೇಲೆ ಕೆಳಗಾಗಿದ್ದವು. ಎರಡು ಮಹಡಿ ಓಡಿಕೊಂಡೇ ಹತ್ತಿರಬೇಕು.

ಒಳಗೆ ಕಂಪ್ಯೂಟರ್ ಮುಂದೆ ಅವಳು ಕೂತಿದ್ದಳು. ನೀರು ಸರಬರಾಜು ಕಚೇರಿಯ ಡೇಟಾಬೇಸ್ ಅವಳ ಕೈಯಲ್ಲಿತ್ತು. ಯಾರು ಏನು ನೋಡಬಹುದು, ಯಾರು ಏನು ತಿದ್ದಬಹುದು ಎಂಬ ಹಕ್ಕನ್ನು ಕೊಡುವವಳೂ ಅವಳೇ, ಹಿಂದಕ್ಕೆ ಪಡೆಯುವವಳೂ ಅವಳೇ. ಹಾಗಾಗಿ ಕಚೇರಿಗೆಲ್ಲ ಅವಳು 'ಬೀಗದಕ್ಕ'.

"ಯಾರು ಹೇಳಿದ್ದು?"

"ಡೈರೆಕ್ಟರು."

"ಅವರು ಬೆಳಿಗ್ಗೆ ಫೋನಲ್ಲಿ ಹೇಳಿದ್ದು ನಿಜ. ನಾನು ಕಿತ್ತಿಲ್ಲ. ಕೂತ್ಕೊಳ್ಳಿ. ಮೊದಲು ಗುಂಡಿ ಸರಿ ಮಾಡ್ಕೊಳ್ಳಿ."

ಅವನು ಕೂತ. ಹೊಸ ಬಡಾವಣೆಯ ಟ್ಯಾಂಕಿನ ನೀರು ಕುಡಿಯಲು ಯೋಗ್ಯವಲ್ಲ ಎಂದು ಅವನು ದಾಖಲಿಸಿದ್ದ. ಉದ್ಘಾಟನೆಯಾಗಿ ತಿಂಗಳೂ ತುಂಬದ ಟ್ಯಾಂಕು. ಡೈರೆಕ್ಟರ್ ತಿದ್ದು ಎಂದರು, ಇವನು ಸುತರಾಂ ಒಪ್ಪಲಿಲ್ಲ.

"ಇವತ್ತು ಸೋಮವಾರ. ಪಾಸ್‌ವರ್ಡ್ ಮರೆತಿಲ್ವಾ?" ಎಂದಳು. ಆರು ತಿಂಗಳಿಂದ ಪ್ರತಿ ಸೋಮವಾರ ಅದೇ ನೆಪದಲ್ಲಿ ಅವನ ಫೋನ್ ಬರುತ್ತಿತ್ತು. "ಫೋನ್ ಮಾಡೋಕೆ ಹತ್ತು ನಿಮಿಷ ಮುಂಚೆ ಆರಾಮಾಗಿ ಲಾಗಿನ್ ಆಗಿರ್ತೀರಿ. ಇಲ್ಲಿ ಎಲ್ಲಾ ಕಾಣತ್ತೆ."

ಅವನ ಕಿವಿ ಕೆಂಪಾಯಿತು. "ಮೊದಲನೇ ವಾರದಿಂದ ಗೊತ್ತಿತ್ತಾ?"

"ಎರಡನೇ ವಾರದಿಂದ. ಮೊದಲನೇ ವಾರ ನಿಜವಾಗ್ಲೂ ದಡ್ಡರು ಅಂದ್ಕೊಂಡಿದ್ದೆ."

"ಮತ್ತೆ ಸುಮ್ಮನಿದ್ರಲ್ಲ?"

ಅವಳು ಸ್ಕ್ರೀನ್ ಕಡೆ ತಿರುಗಿದಳು. ಕೆನ್ನೆಯ ಗುಳಿ ಮಾತ್ರ ಅವನಿಗೆ ಕಾಣುತ್ತಿತ್ತು. "ಎಲ್ಲರ ಥರ ನೀವು ಬೀಗದಕ್ಕ ಅನ್ನಲ್ಲ. ಯಾಕೆ?"

"ಅಕ್ಕ ಅಂದುಬಿಟ್ರೆ ಆಮೇಲೆ ನನ್ನ ಗತಿ ಏನು ಮೇಡಂ?"

ಅವಳ ನಗು ಹೊರಬರುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಡೈರೆಕ್ಟರ್. ಅವನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಏನಮ್ಮ, ತೆಗೆದ್ಯಾ?"

"ಬರೆದು ಕೊಡಿ ಸರ್, ಕಾರಣ ಸಮೇತ."

"ಇಷ್ಟಕ್ಕೆಲ್ಲ ಯಾಕಮ್ಮ ಬರವಣಿಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಂಗೆ ಮುಗಿಸು. ಆ ರಿಸಲ್ಟ್ ನಾನೇ ತಿದ್ಕೋತೀನಿ."

"ತಿದ್ದೋ ಹಕ್ಕು ಎರಡು ದಿನಕ್ಕೆ ಸಾಕು ಅಂತ ನೀವೇ ಸಹಿ ಹಾಕಿ ತಗೊಂಡಿದ್ರಿ. ಶುಕ್ರವಾರಕ್ಕೆ ಮುಗೀತು." ಹೇಳುತ್ತಲೇ ಒಂದು ಸಾಲು ಟೈಪ್ ಮಾಡಿದಳು: ಫಲಿತಾಂಶದ ಟೇಬಲ್‌ನಲ್ಲಿ ಡೈರೆಕ್ಟರ್‌ಗಿದ್ದ ಅಪ್‌ಡೇಟ್ ಹಕ್ಕು, ರಿವೋಕ್. ಎಂಟರ್ ಒತ್ತಿದಳು. "ಈಗ ವಾಪಸ್ ತಗೊಂಡೆ, ಸರ್."

ಡೈರೆಕ್ಟರ್ ದನಿ ಏರಿತು. "ನಿನ್ನ ಕೆಲಸ ಉಳಿಯಲ್ಲ, ನೋಡ್ತಿರು."

"ಅದನ್ನೂ ಬರೆದು ಕೊಡಿ."

ಫೋನಿಟ್ಟಳು. ಕೀಬೋರ್ಡನ್ನು ಅವನ ಕಡೆ ಸರಿಸಿದಳು. "ನಿಮ್ಮ ಸಹಿ ಒಂದು ಬಾಕಿ ಇದೆ. ಅದು ಬಿದ್ರೆ ರಿಪೋರ್ಟ್ ನೇರ ಆರೋಗ್ಯಾಧಿಕಾರಿಗೆ ಹೋಗತ್ತೆ. ಇಲ್ಲೇ ಲಾಗಿನ್ ಆಗಿ."

ಅವನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತು ಸಹಿ ಹಾಕಿದ. ಮಧ್ಯಾಹ್ನದೊಳಗೆ ಆ ಟ್ಯಾಂಕಿನ ವಾಲ್ವ್ ಬಂದ್ ಆಯಿತು.

ಮೂರನೇ ದಿನ ಕಾಗದ ಬಂತು. ಇಬ್ಬರನ್ನೂ ಕೆಲಸದಿಂದ ತೆಗೆಯಲಾಗಿದೆ, ಸಂಜೆಯೊಳಗೆ ಇಬ್ಬರ ಪ್ರವೇಶವೂ ರದ್ದಾಗಬೇಕು. ಕಾನೂನಿನಂತೆ ಬಂದ ಕಾಗದ. ಅವಳೇ ಕೂತು ಮೊದಲು ಅವನದನ್ನು ತೆಗೆದಳು, ಆಮೇಲೆ ತನ್ನದನ್ನು. ಹನ್ನೊಂದು ವರ್ಷದ ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು. ಕಂಪ್ಯೂಟರ್ ಆರಿಸಿ, ತಲೆ ತಗ್ಗಿಸದೆ ಹೊರಬಂದಳು.

ಮೆಟ್ಟಿಲ ಬುಡದಲ್ಲಿ ಅವನು ಕಾಯುತ್ತಿದ್ದ. "ಹಿಂದಿನ ಗೇಟಿಂದ ಹೋಗೋಣ್ವಾ? ಎಲ್ಲರೂ ಕಿಟಕೀಲಿ ನಿಂತಿದಾರೆ."

"ನಿಲ್ಲಲಿ. ನಾವೇನು ಕದ್ದಿದೀವಾ?"

ಅವನು ಗಂಟಲು ಸರಿಮಾಡಿಕೊಂಡ. "ಕೆಲಸ ಇಲ್ಲದ ಗಂಡು ನಾನು. ಆದ್ರೂ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

"ಇವತ್ತೇ ಕೇಳಬೇಕಿತ್ತಾ?"

"ಇನ್ನೂ ಆರು ತಿಂಗಳು ಕಾಯೋ ತಾಳ್ಮೆ ಇಲ್ಲ."

ಅವಳು ಅವನ ಕೈ ಹಿಡಿದಳು, ಮುಂಬಾಗಿಲಲ್ಲೇ, ಡೈರೆಕ್ಟರ್ ಕೋಣೆಯ ಕಿಟಕಿಯ ಎದುರಿಗೇ.

"ನಡೀರಿ," ಎಂದಳು, "ಅಮ್ಮ ಮನೇಲಿದಾರೆ. ಎರಡು ಸುದ್ದೀನೂ ಒಟ್ಟಿಗೇ ಹೇಳಿಬಿಡೋಣ."